ಹಿಡಿದದ್ದು, ಬಿಟ್ಟದ್ದು

ಶಾಲೆ ಬಿಡುವ ಗಂಟೆ ಕೇಳಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಅದು ಯಾಕೆ ಎಂದು ಹೇಳಬೇಕಾದರೆ ಮೊದಲು ನಾನು ಮಾಡುತ್ತಿದ್ದ ಓದಿನ ಬಗ್ಗೆ ನಾಲ್ಕು ಮಾತು ಹೇಳಬೇಕು.

ನಾನು ಗಣಿತದವಳು. ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ವಿಷಯ, ಮೊಬೈಲ್ ಫೋನುಗಳ ಓಡಾಟ. ನಿಮ್ಮ ಫೋನು ಜೇಬಿನಲ್ಲಿ ಸುಮ್ಮನೆ ಮಲಗಿದೆ ಅಂತ ನೀವು ಅಂದುಕೊಂಡಿರುತ್ತೀರಿ. ಅದು ಮಲಗಿರುವುದಿಲ್ಲ. ಯಾವ ಟವರಿನ ದನಿ ಜೋರಾಗಿದೆ ಎಂದು ಸದಾ ಕಿವಿಗೊಟ್ಟುಕೊಂಡಿರುತ್ತದೆ. ನೀವು ಊರಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋದಾಗ 'ನಾನೀಗ ಇಲ್ಲಿದ್ದೇನೆ' ಎಂದು ಕಂಪನಿಗೆ ಹಾಜರಿ ಹೇಳುತ್ತದೆ. ಹೆಜ್ಜೆ ಹೆಜ್ಜೆಗೂ ಹೇಳುತ್ತ ಹೋದರೆ ಬ್ಯಾಟರಿ ಬರಿದಾಗುತ್ತದೆ, ಟವರುಗಳಿಗೂ ಬೇಡದ ಕೆಲಸ. ಹೇಳದೆಯೇ ಇದ್ದರೆ, ನಿಮಗೊಂದು ಕರೆ ಬಂದಾಗ ಊರಿನ ಟವರುಗಳೆಲ್ಲ ಸೇರಿ ನಿಮ್ಮನ್ನು ಕೂಗಿ ಹುಡುಕಬೇಕಾಗುತ್ತದೆ. ಎಷ್ಟು ಹಾಜರಿ ಹೇಳಿಸಬೇಕು, ಎಷ್ಟು ಕೂಗಬೇಕು ಎಂಬುದರ ಗಣಿತವೇ ನನ್ನ ಪ್ರಬಂಧ. "ಇಷ್ಟಕ್ಕೆ ಐದು ವರ್ಷ ಬೇಕೇನಮ್ಮ?" ಎಂದು ನಮ್ಮತ್ತೆ ಕೇಳಿದ್ದರು.

ನನ್ನ ಸಮೀಕರಣಗಳಲ್ಲಿ ಒಬ್ಬ ಮನುಷ್ಯನಿದ್ದ. ಒಂದು ಟವರಿನ ಸರಹದ್ದಿನಲ್ಲಿ ಅವನು ಎಷ್ಟು ಹೊತ್ತು ಇರುತ್ತಾನೆ ಎಂಬುದನ್ನು ಸಂಭವನೀಯತೆಯ ಒಂದು ಸುಲಭ ಸೂತ್ರ ತೀರ್ಮಾನಿಸುತ್ತಿತ್ತು. ಆ ಮನುಷ್ಯನಿಗೆ ನೆನಪು ಎಂಬುದಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದೇನೆ ಎಂದು ಅವನಿಗೆ ತಿಳಿಯದು. ಪ್ರತಿ ಕ್ಷಣವೂ ಹೊಸದಾಗಿ ನಾಣ್ಯ ಚಿಮ್ಮಿ, ಇರಲೋ ಹೊರಡಲೋ ಎಂದು ನಿರ್ಧರಿಸುತ್ತಾನೆ. ಲೆಕ್ಕ ಚೆಂದವಾಗಿ ಬರುತ್ತಿತ್ತು. ವಾರ್ಷಿಕ ಪರಿಶೀಲನೆಗೆ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಪುಟ ತಿರುವಿ, ಕನ್ನಡಕ ತೆಗೆದು ಕೇಳಿದರು: "ಇಂಥಾ ಮನುಷ್ಯನ್ನ ನೀವು ಎಲ್ಲಾದ್ರೂ ನೋಡಿದ್ದೀರೇನಮ್ಮ?"

ನಾನು ನನ್ನ ಮಾರ್ಗದರ್ಶಕರ ಮುಖ ನೋಡಿದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದ, ಮೆಲ್ಲನೆ ಮಾತಾಡುವ ಮನುಷ್ಯ. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಹೊರಗೆ ಬಂದ ಮೇಲೆ ಸರ್ ಹೇಳಿದರು: "ಹೋಗಿ ನೋಡ್ಕೊಂಡು ಬಾ ಕಣಮ್ಮ. ಒಂದು ತಿಂಗಳು ಊರು ಸುತ್ತು. ಫೋನು ಎಲ್ಲಿ ಟವರ್ ಬದಲಾಯಿಸುತ್ತೆ, ಎಷ್ಟು ಹೊತ್ತಿಗೆ ಬದಲಾಯಿಸುತ್ತೆ, ಕಣ್ಣಾರೆ ಕಂಡು ಬರ್ಕೋ."

ಹಾಗೆ ಶುರುವಾಯಿತು. ನನ್ನದೊಂದು ಫೋನು, ನನ್ನ ಗಂಡ ಮೂಲೆಗೆ ಹಾಕಿದ್ದ ಹಳೆಯದೊಂದು, ಅತ್ತೆ ದೇವರನಾಮ ಕೇಳಲು ಮಾತ್ರ ಬಳಸುತ್ತಿದ್ದದ್ದು, ಸಹೋದ್ಯೋಗಿಯೊಬ್ಬಳಿಂದ ಕೇಳಿ ತಂದದ್ದು, ಒಟ್ಟು ನಾಲ್ಕು. ಯಾವ ಟವರಿನಲ್ಲಿದೆ ಎಂದು ತೋರಿಸುವ ಪುಕ್ಕಟೆ ಆ್ಯಪ್ ಒಂದನ್ನು ನಾಲ್ಕಕ್ಕೂ ಹಾಕಿದೆ. ಅವುಗಳ ಕವರಿನ ಬಣ್ಣವೇ ಅವುಗಳ ಹೆಸರು: ಕಪ್ಪು, ಕೆಂಪು, ನೀಲಿ, ಬಿಳಿ. ಬಟ್ಟೆ ಚೀಲದಲ್ಲಿ ಅವನ್ನಿಟ್ಟುಕೊಂಡು, ಪಾಠ ಮುಗಿದ ಮೇಲೆ ಸಿಟಿ ಬಸ್ಸು ಹತ್ತುತ್ತಿದ್ದೆ. ಆ್ಯಪಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವಾದ್ದರಿಂದ ಒಂದು ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳುತ್ತಿದ್ದೆ. ಎಡಗಡೆ ಸಮಯ, ಪಕ್ಕದಲ್ಲಿ ಫೋನಿನ ಬಣ್ಣ, ಆಮೇಲೆ ಎರಡು ಸಾಲು. ಒಂದರ ತಲೆಯ ಮೇಲೆ 'ಬಿಟ್ಟದ್ದು', ಇನ್ನೊಂದರ ಮೇಲೆ 'ಹಿಡಿದದ್ದು'. ಯಾವ ಟವರನ್ನು ಬಿಟ್ಟಿತು, ಯಾವುದನ್ನು ಹಿಡಿಯಿತು ಎಂದು.

ಮಂಡಕಳ್ಳಿ ಕಡೆಯ ಬಸ್ಸಿನಲ್ಲಿ ಊರು ದಾಟಿದ ಮೇಲೆ ಫೋನುಗಳು ಒಂದೇ ಟವರನ್ನು ಬಹಳ ಹೊತ್ತು ಹಿಡಿದಿರುತ್ತಿದ್ದವು. ರಾಜೀವನಗರದ ಒತ್ತೊತ್ತು ಬೀದಿಗಳಲ್ಲಿ ನಿಮಿಷಕ್ಕೊಂದು ಬದಲಾಗುತ್ತಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಬಸ್ಸಿನಲ್ಲಿ ಫೋನು ನೋಡುತ್ತ ಕೂತ ಹೆಂಗಸನ್ನು ಯಾರು ಕೇಳುತ್ತಾರೆ?

ಒಂದು ಮಧ್ಯಾಹ್ನ, ರಿಂಗ್ ರಸ್ತೆಯ ಒಳಬದಿಯ ಒಂದು ಬಡಾವಣೆಯಲ್ಲಿ (ಹೆಸರು ಹೇಳುವುದು ಬೇಡ) ಬಸ್ಸು ಕೆಟ್ಟು ನಿಂತಿತು. ಎದುರಿಗೆ ಒಂದು ಪ್ರಾಥಮಿಕ ಶಾಲೆ. ನಿಂತ ಬಸ್ಸಿನಲ್ಲಿ ನನ್ನ ನಾಲ್ಕೂ ಫೋನುಗಳಿಗೆ ಹುಚ್ಚು ಹಿಡಿದ ಹಾಗಾಯಿತು. ಒಂದು ಟವರನ್ನು ಬಿಟ್ಟು ಇನ್ನೊಂದನ್ನು ಹಿಡಿದವು, ಅದನ್ನು ಬಿಟ್ಟು ಮತ್ತೆ ಮೊದಲನೆಯದನ್ನೇ ಹಿಡಿದವು. ಎರಡು ಟವರುಗಳ ದನಿ ಅಲ್ಲಿ ಸರಿಸಮ. ಅಷ್ಟೇ ಅಲ್ಲ, ಆ ಎರಡೂ ಊರಿನ ಬೇರೆ ಬೇರೆ ಭಾಗದ ಟವರುಗಳ ಗುಂಪಿಗೆ ಸೇರಿದವು. ಹಾಗಾಗಿ ಪ್ರತಿ ಬದಲಾವಣೆಗೂ ಫೋನು ಹಾಜರಿ ಹೇಳುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಶಾಲೆ ಬಿಡುವ ಹೊತ್ತಿಗೆ ಈ ಗೇಟಿನ ಮುಂದೆ ಎಷ್ಟೋ ಮಂದಿ ಅಪ್ಪ ಅಮ್ಮಂದಿರು ಕಾಯುತ್ತ ನಿಲ್ಲುತ್ತಾರೆ. ಅವರ ಫೋನುಗಳೆಲ್ಲ ಹೀಗೇ ಅತ್ತ ಇತ್ತ ಹಾರುತ್ತಿರುತ್ತವೆ. ಕಂಪನಿಯ ಲೆಕ್ಕದಲ್ಲಿ ಅವರೆಲ್ಲ ಓಡಾಡುತ್ತಿರುವವರು. ನಿಜದಲ್ಲಿ ಒಬ್ಬರೂ ಕಾಲು ಕದಲಿಸಿಲ್ಲ. ನನ್ನ ಸೂತ್ರದ ಮನುಷ್ಯ ಸುಳ್ಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಅನ್ನಿಸಿತು.

ಮುಂದಿನ ಸೋಮವಾರದಿಂದ ದಿನಾ ಮೂರು ಗಂಟೆಗೆ ಅಲ್ಲಿಗೆ ಹೋಗಿ, ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ನಿಂತು ನಾಲ್ಕರವರೆಗೆ ಬರೆದುಕೊಳ್ಳತೊಡಗಿದೆ.

ಅದೇ ಸೋಮವಾರ ಬೆಳಿಗ್ಗೆ ನನ್ನ ವಾಟ್ಸ್‌ಆ್ಯಪಿಗೊಂದು ದನಿಮುದ್ರಿಕೆ ಬಂದಿತ್ತು. ಯಾರೋ ಹೆಂಗಸಿನ ದನಿ, ಅಳುವಿಗೆ ಹತ್ತಿರವಾದದ್ದು. ಮಕ್ಕಳನ್ನು ಕದಿಯುವ ತಂಡ ಊರಿಗೆ ಬಂದಿದೆ, ಅದರಲ್ಲಿ ಹೆಂಗಸರೂ ಇದ್ದಾರೆ, ನೋಡಲು ಮರ್ಯಾದಸ್ಥರ ಹಾಗೇ ಇರುತ್ತಾರೆ, ಶಾಲೆಯ ಹತ್ತಿರ ಮೂರು ನಾಲ್ಕು ದಿನ ನಿಂತು ಎಲ್ಲ ನೋಡಿಕೊಂಡು ಆಮೇಲೆ ಹಿಡಿಯುತ್ತಾರೆ ಎಂದು. ಮಗಳಿಗೆ ಡಬ್ಬಿ ಕಟ್ಟುತ್ತ, ಕುಕ್ಕರಿನ ಎರಡನೇ ಕೂಗಿಗೂ ಮೂರನೇ ಕೂಗಿಗೂ ನಡುವೆ, ಅದನ್ನು ಅರ್ಧ ಕೇಳಿ ಅವಳ ಮೂರನೇ ಕ್ಲಾಸಿನ ಅಮ್ಮಂದಿರ ಗುಂಪಿಗೆ ಕಳಿಸಿದೆ. 'ಎಲ್ಲರೂ ಹುಷಾರಾಗಿರಿ' ಎಂದು ಬರೆದು ಕೈಮುಗಿಯುವ ಚಿತ್ರವನ್ನೂ ಹಾಕಿದೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಐದನೆಯ ದಿನ, ಶುಕ್ರವಾರ. ಮೂರೂವರೆಗೆ ಗಂಟೆ ಹೊಡೆಯಿತು. ನೀಲಿ ಸಮವಸ್ತ್ರದ ಮಕ್ಕಳು ಗೇಟಿನಿಂದ ಚೆಲ್ಲಿ ಹೋದರು. ಸ್ಕೂಟರುಗಳು, ಆಟೋಗಳು, ಅಜ್ಜಂದಿರು. ಮೂರೂಮುಕ್ಕಾಲರ ಹೊತ್ತಿಗೆ ಜನ ಕರಗಿತ್ತು. ಆಗ ಒಬ್ಬ ಹೆಂಗಸು, ಮೂವತ್ತರ ಆಸುಪಾಸು, ಕೈಯಲ್ಲಿ ಸ್ಕೂಟರಿನ ಕೀ ಹಿಡಿದುಕೊಂಡು ಗೇಟಿನೊಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋಗಿ ಈ ಸಲ ಓಡುತ್ತ ಬಂದಳು.

"ಒಂದನೇ ಕ್ಲಾಸು, ಎರಡು ಜಡೆ ಹಾಕಿದೆ, ಯಾರಾದ್ರೂ ನೋಡಿದ್ರಾ? ನನ್ ಮಗಳು, ಒಂದನೇ ಕ್ಲಾಸು..."

ನಾನು ತಲೆ ಎತ್ತಿ ನೋಡಿದೆ. ಅಷ್ಟರಲ್ಲಿ ಚೀಲದಲ್ಲಿದ್ದ ಕೆಂಪು ಫೋನು ಟಿಣ್ ಎಂದು ಟವರು ಬದಲಾಯಿಸಿತು. ನಾನು ತಲೆ ತಗ್ಗಿಸಿ ಸಮಯ ಬರೆದುಕೊಂಡೆ.

ಈ ಒಂದು ಕೆಲಸಕ್ಕೆ ನಾನು ನನ್ನನ್ನು ಇನ್ನೂ ಕ್ಷಮಿಸಿಲ್ಲ. ಒಬ್ಬ ತಾಯಿ ಮಗು ಕಾಣಿಸುತ್ತಿಲ್ಲ ಎಂದು ಕೂಗುತ್ತಿದ್ದಾಗ ನಾನು ಗಡಿಯಾರ ನೋಡಿ ಬರೆದುಕೊಂಡೆ. ಅದನ್ನು ಆಕೆ ನೋಡಿದಳು.

"ಏನ್ರೀ ಬರ್ಕೊಂಡಿದ್ದು ನೀವು?" ಎನ್ನುತ್ತ ರಸ್ತೆ ದಾಟಿ ಬಂದಳು. "ನಾನ್ ಮಗು ಕಾಣಿಸ್ತಿಲ್ಲ ಅಂತಿದ್ದೀನಿ, ನೀವ್ ಅದೇನೋ ಬರ್ಕೊಂಡ್ರಲ್ಲ! ಯಾರ್ರೀ ನೀವು? ಯಾವ ಮಗು ನಿಮ್ದು?"

"ನನ್ನ ಮಗು ಇಲ್ಲಿ ಓದಲ್ಲ," ಎಂದೆ. ಅದು ನಿಜ. ಆದರೆ ಆ ಹೊತ್ತಿನಲ್ಲಿ ಆಡಬಾರದ ಮಾತು.

"ಮತ್ಯಾಕ್ ನಿಂತಿದ್ದೀರ?"

"ಸಿಗ್ನಲ್... ಟವರ್ ಸಿಗ್ನಲ್ ನೋಡ್ತಿದ್ದೀನಿ. ನಾನು ಮೇಡಂ, ಕಾಲೇಜಲ್ಲಿ ಪಾಠ ಮಾಡ್ತೀನಿ."

ಆಕೆ ನನ್ನ ಮಣಿಕಟ್ಟು ಹಿಡಿದಳು. ಕೈಯಲ್ಲಿದ್ದ ಕೀ ನನ್ನ ಚರ್ಮಕ್ಕೆ ಒತ್ತಿತು. ಪಕ್ಕದ ಬೀಡಾ ಅಂಗಡಿಯಿಂದ ಇಬ್ಬರು ಬಂದರು. ಹೊರಡುತ್ತಿದ್ದ ಸ್ಕೂಟರೊಂದು ನಿಂತಿತು, ಅದರ ಹಿಂದೆ ಇನ್ನೊಂದು. ಎಲ್ಲಿಂದ ಬಂದರೋ, ನೋಡನೋಡುತ್ತ ಇಪ್ಪತ್ತು ಮೂವತ್ತು ಜನ. ಯಾರೋ ಚೀಲ ಕಿತ್ತುಕೊಂಡು ಬಾಯಿ ಅಗಲಿಸಿದರು.

"ನಾಲ್ಕ್ ಫೋನ್ ಐತೆ ನೋಡ್ರೋ!"

ನಾಲ್ಕು ಫೋನು ಎಂಬ ಮಾತು ಗುಂಪಿನ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಅಲ್ಲಿಂದ ಬೇರೆಯೇ ದನಿ ವಾಪಸ್ಸು ಬಂತು. ಅಂಥ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎದುರು ಮನೆಯ ಅಜ್ಜಿಯೊಬ್ಬರು ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ಬುಧವಾರ ಬಿಸಿಲು ಜೋರಾಗಿದ್ದಾಗ ನನಗೆ ಒಂದು ಲೋಟ ನೀರು ಕೊಟ್ಟವರು ಅವರೇ. ಅವರನ್ನು ಕಂಡು ನನಗೆ ಜೀವ ಬಂದ ಹಾಗಾಯಿತು.

"ಅಜ್ಜಿ, ನೀವಾದ್ರೂ ಹೇಳಿ," ಎಂದು ಕೂಗಿದೆ.

ಅಜ್ಜಿ ನನಗೆ ಒಳ್ಳೆಯದು ಮಾಡಲೆಂದೇ ಬಾಯಿ ತೆರೆದರು. "ಬುಡ್ರಪ್ಪ, ಪಾಪ. ನಾಕ್ ದಿನದಿಂದ ಬಂದು ಇಂಗೇ ನಿಂತ್ಕೋತದೆ ಈಯಮ್ಮ. ಯಾರ್ ತಂಟೇಗೂ ಓಗಾಕಿಲ್ಲ. ಮಕ್ಳು ಬರೋದ್ ನೋಡ್ಕೊಂಡು, ಬರ್ಕೊಂಡು, ಒಂಟೋಯ್ತದೆ."

ಚೌಕಳಿ ಅಂಗಿಯ ಒಬ್ಬಾತ ನನ್ನ ನೋಟ್‌ಬುಕ್ಕು ಬಿಡಿಸಿ ಗಟ್ಟಿಯಾಗಿ ಓದತೊಡಗಿದ.

"ಮೂರು ಮೂವತ್ತೆಂಟು, ನೀಲಿ, ಹಿಡಿದದ್ದು. ಮೂರು ನಲವತ್ತೊಂದು, ನೀಲಿ, ಬಿಟ್ಟದ್ದು. ಮೂರು ನಲವತ್ತೆರಡು, ಮತ್ತೆ ನೀಲಿ, ಹಿಡಿದದ್ದು." ಅವನ ದನಿ ಒಡೆಯಿತು. "ಏನ್ ಹಿಡಿದದ್ದಮ್ಮ? ಹೇಳು! ಏನ್ ಹಿಡಿದದ್ದು?"

ಗೇಟಿನ ಬಳಿ ಇನ್ನೂ ನಾಲ್ಕಾರು ಮಕ್ಕಳು ನೀಲಿ ಬಟ್ಟೆಯಲ್ಲಿ ನಿಂತಿದ್ದವು. ನನ್ನ ಅಕ್ಷರ, ನನ್ನ ಕೈಯಾರೆ ಬರೆದದ್ದು. ಅವನ ಬಾಯಲ್ಲಿ ಅದನ್ನು ಕೇಳುತ್ತಿದ್ದಾಗ ನನಗೇ ಅದು ಅಪರಾಧದ ದಾಖಲೆಯ ಹಾಗೆ ಕೇಳಿಸಿತು. ಟವರು, ಫೋನಿನ ಕವರು ಎಂದು ಹೇಳಲು ನೋಡಿದೆ. ಕೂಗಾಟದಲ್ಲಿ ನನ್ನ ದನಿ ಯಾರಿಗೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ ಜಡೆ ಹಿಡಿದು ಎಳೆದರು. ಕನ್ನಡಕ ಬಿತ್ತು. ಅದಾದ ಮೇಲೆ ನನಗೆ ಕಂಡದ್ದೆಲ್ಲ ಮಸುಕು ಬಣ್ಣಗಳು, ಅದರೊಳಗಿಂದ ಬರುವ ಕೈಗಳು. ಕೆನ್ನೆಗೊಂದು ಏಟು ಬಿತ್ತು. ನೋವಾಗಲಿಲ್ಲ. ಇದು ಮೊದಲನೆಯದು, ಇನ್ನು ಎಷ್ಟು ಎಂದು ಮಾತ್ರ ಅನ್ನಿಸಿತು. ಮೂರನೇ ಕ್ಲಾಸಿನ ನನ್ನ ಮಗಳು ಆ ಹೊತ್ತಿಗೆ ಮನೆಯಲ್ಲಿ ಅತ್ತೆಯ ಜೊತೆ ಹಾಲು ಕುಡಿಯುತ್ತಿರುತ್ತಾಳೆ ಎಂದು ನೆನಪಾಯಿತು. ನನ್ನನ್ನು ಇಲ್ಲೇ ಕೊಂದುಬಿಡುತ್ತಾರೆ ಅನ್ನಿಸಿತು. ಹೀಗೆ ಬರೆಯುವಾಗ ದೊಡ್ಡ ಮಾತು ಅನ್ನಿಸುತ್ತದೆ. ಆಗ ಅದು ಮಳೆ ಬರುತ್ತದೆ ಎಂದು ತಿಳಿಯುವಷ್ಟು ಸಹಜವಾಗಿ ತಿಳಿದಿತ್ತು.

"ಬುಡ್ರೀ ಅತ್ಲಾಗೆ! ಎಂಗಸನ್ನ ಇಂಗ್ ಒಡೀತೀರಾ? ಬುಡ್ರೀ ಅಂದೆ!"

ಒಂದು ಗಟ್ಟಿ ಕೈ ನನ್ನ ತೋಳು ಹಿಡಿದು ಎಳೆಯಿತು. ಅದು ಶಾಲೆಯ ಆಯಾ. ಗೇಟಿನ ಚಿಕ್ಕ ಬಾಗಿಲಿನಿಂದ ನನ್ನನ್ನು ಒಳಗೆ ತಳ್ಳಿ ಅಗಳಿ ಹಾಕಿದಳು. ಹೊರಗೆ ಗದ್ದಲ ಇಮ್ಮಡಿಯಾಯಿತು. "ಮಕ್ಳಿರೋ ಕಡೆಗೇ ಬಿಟ್ಕೊಂಡ್ರಲ್ಲೋ!" ಎಂದು ಯಾರೋ ಗೇಟು ಒದ್ದರು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕುರ್ಚಿಯೊಂದರ ಅಂಚಿನಲ್ಲಿ ಕೂತೆ. ಅವರು ಬಾಗಿಲ ಹತ್ತಿರವೇ ನಿಂತು ಫೋನಿನಲ್ಲಿ ಪೊಲೀಸರಿಗೆ ಹೇಳುತ್ತಿದ್ದರು. ನನ್ನ ಹತ್ತಿರ ಬರಲಿಲ್ಲ. ವ್ಯಾನಿಗೆ ಕಾಯುತ್ತಿದ್ದ ಇಬ್ಬರು ಪುಟ್ಟ ಮಕ್ಕಳು ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಅವುಗಳ ಕಡೆ ನೋಡಲು ನನಗೆ ಹೆದರಿಕೆಯಾಯಿತು. ನಕ್ಕರೆ ಅದೂ ತಪ್ಪಾಗಬಹುದು. ನೆಲ ನೋಡುತ್ತ ಕೂತೆ.

ಹತ್ತು ನಿಮಿಷಕ್ಕೆ ಸುದ್ದಿ ಬಂತು. ಕಾಣೆಯಾಗಿದ್ದ ಹುಡುಗಿ ಪಕ್ಕದ ಮನೆಯ ಗೆಳತಿಯ ಜೊತೆ ಅವರ ಆಟೋ ಹತ್ತಿ ಮನೆಗೆ ಹೋಗಿದ್ದಳು. ಆಯಾ ಗೇಟಿನ ಸಂದಿಯಿಂದ ಅದನ್ನು ಕೂಗಿ ಹೇಳಿದಳು. ಗುಂಪು ಕರಗುತ್ತದೆ ಎಂದುಕೊಂಡೆ. ಕರಗಲಿಲ್ಲ. "ಇವತ್ ಸಿಕ್ತು, ನಾಳೆ?" ಎಂದು ಒಬ್ಬರು ಕೇಳಿದ್ದು ಒಳಗೆ ನನಗೆ ಸ್ಪಷ್ಟವಾಗಿ ಕೇಳಿಸಿತು.

ಪೊಲೀಸ್ ಜೀಪು ಬಂದಾಗ ಗೇಟಿನಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳ ನಡುವೆ ನಡೆದೆ. ಎರಡೂ ಕಡೆ ಕೈಗಳು ಮೇಲೆದ್ದಿದ್ದವು. ಹೊಡೆಯಲು ಎಂದುಕೊಂಡು ತಲೆ ಬಗ್ಗಿಸಿದೆ. ಎಲ್ಲರೂ ವಿಡಿಯೋ ಮಾಡುತ್ತಿದ್ದರು.

ಠಾಣೆಯಲ್ಲಿ ಒಂದೇ ಉದ್ದ ಬೆಂಚು. ಅದರ ಈ ತುದಿಯಲ್ಲಿ ನಾನು. ಆ ತುದಿಯಲ್ಲಿ, ಹೇಳಿಕೆ ಕೊಡಲು ಬಂದ ಆ ತಾಯಿ. ನನ್ನ ಕಡೆ ತಿರುಗದೆ ಹೇಳಿದಳು: "ಹತ್ ನಿಮಿಷ ಕಣ್ರೀ. ಹತ್ ನಿಮಿಷ ಅವಳಿಲ್ಲ ಅನ್ಕೊಂಡ್ಬುಟ್ಟೆ." ಅದು ಕ್ಷಮೆಯೂ ಅಲ್ಲ, ಜಗಳವೂ ಅಲ್ಲ. ನಾನು "ಹೂಂ" ಎಂದೆ.

ಸಬ್‌ಇನ್‌ಸ್ಪೆಕ್ಟರ್ ಕೂಡ ಹೆಂಗಸೇ, ನನ್ನದೇ ವಯಸ್ಸು. ನೋಟ್‌ಬುಕ್ಕು, ನಾಲ್ಕು ಫೋನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, "ನಿಧಾನಕ್ಕೆ ಹೇಳಿ," ಎಂದರು. ಹೇಳಿದೆ. ಕನ್ನಡಕವಿಲ್ಲದೆ ಅವರ ಮುಖದ ಭಾವ ಕಾಣುತ್ತಿರಲಿಲ್ಲವಾದ್ದರಿಂದ ನಂಬುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಫೋನು ಟವರನ್ನು ಬಿಡುವುದು, ಹಿಡಿಯುವುದು, ಹಾಜರಿ ಹೇಳುವುದು, ಎರಡು ಟವರಿನ ನಡುವೆ ಸಿಕ್ಕಿಕೊಳ್ಳುವುದು.

"ಅಂದ್ರೆ ಒಬ್ಬ ಮನುಷ್ಯ ನಿಂತಲ್ಲೇ ನಿಂತಿದ್ರೂ ಓಡಾಡ್ತಿದ್ದಾನೆ ಅಂತ ತೋರ್ಸುತ್ತಾ?"

"ಹೌದು ಮೇಡಂ. ಕೆಲವು ಜಾಗದಲ್ಲಿ."

"ನಾವು ಕೇಸಿಗೆ ಟವರ್ ಲೊಕೇಶನ್ ತರಿಸ್ತೀವಲ್ಲ. ಅದೂ ಹಿಂಗೇನಾ?"

ಇದಕ್ಕೆ ಹೌದು ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಹೌದೆಂದರೆ ಅವರ ಕೆಲಸವನ್ನೇ ಅನುಮಾನಿಸಿದಂತೆ. ಇಲ್ಲವೆಂದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳು. "ಒಂದೊಂದ್ಸಲ, ಮೇಡಂ," ಎಂದೆ. ಅವರು ಏನೋ ಬರೆದುಕೊಂಡರು.

ಆಮೇಲೆ ಸರ್‌ಗೆ ಫೋನು ಮಾಡಿಸಿದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ದನಿ ಬಂತು. ಮತ್ತೆ ಮಾಡಿದರು, ಮತ್ತೆ ಅದೇ. ನನ್ನ ಮಾತಿಗೆ ಸಾಕ್ಷಿ ಹೇಳಬಲ್ಲ ಒಬ್ಬರೇ ಒಬ್ಬರು ಎಲ್ಲಿದ್ದಾರೋ ತಿಳಿಯದು. ಅಷ್ಟರಲ್ಲಿ ನನ್ನ ಫೋನು ನೋಡುತ್ತಿದ್ದ ಕಾನ್‌ಸ್ಟೇಬಲ್ ಅದನ್ನು ಎಸ್‌ಐ ಮುಂದೆ ಹಿಡಿದಳು. ಅವರು ಒತ್ತಿದರು. ಆ ಅಳುದನಿಯ ಹೆಂಗಸು ಠಾಣೆಯ ತುಂಬ ಮಾತಾಡತೊಡಗಿದಳು. ಮೂರು ನಾಲ್ಕು ದಿನ ನಿಂತು ನೋಡುತ್ತಾರೆ, ಮರ್ಯಾದಸ್ಥರ ಹಾಗೇ ಇರುತ್ತಾರೆ.

"ಇದನ್ನ ನೀವೇ ಕಳ್ಸಿದ್ದೀರಲ್ಲ ಮೇಡಂ," ಎಂದರು ಎಸ್‌ಐ. "ಸೋಮವಾರ."

ಬೆಂಚಿನ ಆ ತುದಿಯಲ್ಲಿ ಆ ತಾಯಿ ತಲೆ ಎತ್ತಿದಳು. "ನಂಗೂ ಇದೇ ಬಂದಿತ್ತು," ಎಂದಳು.

ಅಷ್ಟು ಹೊತ್ತೂ ಅಳದೆ ಇದ್ದವಳು ಆಗ ಅತ್ತುಬಿಟ್ಟೆ.

ನನ್ನ ಗಂಡ ಕಾಲೇಜಿನ ಗುರುತಿನ ಚೀಟಿ, ವಿಶ್ವವಿದ್ಯಾಲಯದ ನೋಂದಣಿ ಪತ್ರ ಎಲ್ಲ ಹುಡುಕಿಕೊಂಡು ಬಂದರು. ಅರ್ಧ ಗಂಟೆಯ ನಂತರ ಸರ್ ಕೂಡ ಬಂದರು. ಬೆಟ್ಟದ ಆಚೆ ಯಾರದೋ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದವರು, ಸಿಗ್ನಲ್ಲು ಸಿಕ್ಕ ಕೂಡಲೇ ಹೊರಟು ಬಂದಿದ್ದರು. "ಇದು ನಾನೇ ಕೊಟ್ಟ ಕೆಲಸ. ಬರ್ಕೊಳ್ಳೋದಿದ್ರೆ ನನ್ ಹೆಸರು ಬರ್ಕೊಳ್ಳಿ," ಎಂದು ಎಸ್‌ಐ ಮುಂದೆ ಕೂತರು. ಹೇಳದೆ ಕೇಳದೆ ಶಾಲೆಗಳ ಬಳಿ ಹೀಗೆ ನಿಲ್ಲುವುದಿಲ್ಲ ಎಂದು ಎಸ್‌ಐ ನನ್ನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. "ನೀವು ಕಂಪ್ಲೇಂಟ್ ಕೊಡ್ತೀರಾ, ಹೊಡೆದದ್ದಕ್ಕೆ?" ಎಂದೂ ಕೇಳಿದರು. ಆ ತಾಯಿ ಅಷ್ಟರಲ್ಲಿ ಹೊರಟುಹೋಗಿದ್ದಳು. ಬೇಡ ಎಂದೆ. ದೊಡ್ಡತನದಿಂದ ಅಲ್ಲ. ಆ ಬೀದಿಯ ಹೆಸರನ್ನು ಇನ್ನೊಂದು ಸಲ ಬಾಯಲ್ಲಿ ಹೇಳಲು ನನ್ನಿಂದಾಗುತ್ತಿರಲಿಲ್ಲ.

ಮನೆಗೆ ಬಂದಾಗ ಸಂಜೆ ಏಳು. ಅಷ್ಟರೊಳಗೆ ವಿಡಿಯೋ ನಮಗಿಂತ ಮೊದಲೇ ಬಂದಿತ್ತು. ಮಗಳ ಕ್ಲಾಸಿನ ಗುಂಪಿಗೆ ಯಾರೋ ಹಾಕಿದ್ದರು. 'ಮಕ್ಕಳ ಕಳ್ಳಿ ಸಿಕ್ಕಿಬಿದ್ದಿದ್ದಾಳೆ' ಎಂಬ ತಲೆಬರಹ. ಅದರ ಕೆಳಗೆ ಒಬ್ಬ ತಾಯಿ: 'ಇವರು ನಮ್ಮ ಕ್ಲಾಸಿನವರ ಅಮ್ಮ ಅಲ್ವಾ?' ಅದಾದ ಮೇಲೆ ಯಾರೂ ಏನೂ ಬರೆದಿರಲಿಲ್ಲ. ನನ್ನ ಗಂಡ ಆ ರಾತ್ರಿಯೇ ವಿವರವಾಗಿ ಬರೆದು ಹಾಕಿದರು. ಕೆಲವರು ವಿಷಾದ ಹೇಳಿದರು. ಕೆಲವರು ಸುಮ್ಮನಿದ್ದರು, ಆ ಸುಮ್ಮನಿದ್ದವರು ಯಾರು ಯಾರು ಎಂದು ನಾನು ಎಷ್ಟೋ ದಿನ ಯೋಚಿಸಿದೆ.

ಮಾರನೆಯ ವಾರ ಮಗಳು ಶಾಲೆಯಿಂದ ಬಂದು ಬ್ಯಾಗು ತೆಗೆಯುವ ಮೊದಲೇ ಕೇಳಿದಳು. "ಅಮ್ಮ, ನೀನು ಯಾರ ಪಾಪೂನ ಹಿಡ್ಕೊಂಡಿದ್ದೆ?"

"ಯಾರನ್ನೂ ಇಲ್ಲ ಪುಟ್ಟಿ."

"ಮತ್ತೆ ಯಾಕೆ ಎಲ್ಲರೂ ಬೈದ್ರು?"

ಅತ್ತೆ ಒಳಗಿಂದ ಬಂದು ಅವಳನ್ನು ಕೈಹಿಡಿದು ಕರೆದುಕೊಂಡು ಹೋದರು. ಅವರು ಆ ವಿಷಯವಾಗಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ತಮ್ಮ ಫೋನನ್ನು ವಾಪಸ್ಸು ತೆಗೆದುಕೊಂಡು ಅದರ ಕವರು ಬದಲಾಯಿಸಿದರು, ಅಷ್ಟೆ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಿನ್ಸಿಪಾಲರು ಸ್ವಲ್ಪ ದಿನ ಮನೆಯಲ್ಲಿರಿ ಎಂದರು, ಇದ್ದೆ. ಗೋಕುಲಂನ ನಮ್ಮ ಬೀದಿಯಲ್ಲಿ ಸದಾ ಹೊರಗಿನ ಜನ ಓಡಾಡುತ್ತಿರುತ್ತಾರೆ, ಯೋಗ ಕಲಿಯಲು ಬಂದ ವಿದೇಶೀಯರು, ಅವರನ್ನು ಕರೆತರುವ ಆಟೋಗಳು. ಅವರಲ್ಲಿ ಯಾರಾದರೂ ನನ್ನತ್ತ ಫೋನು ಎತ್ತಿದರೆ ತಮ್ಮ ದಾರಿ ನೋಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದೂ ಸೆರಗು ಮುಖಕ್ಕೆ ಹೋಗುತ್ತಿತ್ತು. ಬಸ್ ನಿಲ್ದಾಣದಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲಲಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ಹೋಗುವುದು, ಮತ್ತೆ ಈಚೆ ಬರುವುದು. ಕಾಯುತ್ತಿರುವವಳಂತೆ ಕಾಣಬಾರದು ಎಂದು.

ಪ್ರಬಂಧ ಬಿಟ್ಟುಬಿಡುತ್ತೇನೆ ಎಂದು ಸರ್‌ಗೆ ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. "ಬಿಡೋದಾದ್ರೆ ಬಿಡು. ಆದ್ರೆ ಆ ಐದು ದಿನದ ಲೆಕ್ಕ ಒಂದು ಸಲ ಹಾಕಿ ನೋಡಿ ಬಿಡಮ್ಮ," ಎಂದರು. ಪೊಲೀಸರು ವಾಪಸ್ಸು ಕೊಟ್ಟಿದ್ದ ನೋಟ್‌ಬುಕ್ಕನ್ನು ತೆರೆಯಲು ನನಗೆ ಎರಡು ತಿಂಗಳು ಬೇಕಾಯಿತು. ಶುಕ್ರವಾರದ ಪುಟದ ಮೇಲೆ ಯಾರದೋ ಹೆಬ್ಬೆರಳಿನ ಮಣ್ಣಿತ್ತು. ಲೆಕ್ಕ ಹಾಕಿದೆ. ನಿಂತೇ ಇರುವ ಮನುಷ್ಯನನ್ನು ಓಡಾಡುವವನೆಂದು ಎಣಿಸುವ ತಪ್ಪನ್ನು ತಿದ್ದಲು ಸಮೀಕರಣಕ್ಕೆ ಹೊಸದೊಂದು ಪದ ಸೇರಿಸಬೇಕಾಯಿತು. ಎಷ್ಟು ಹೊತ್ತಿನಿಂದ ಇಲ್ಲಿದ್ದೇನೆ ಎಂಬ ನೆನಪು ಇರುವ ಮನುಷ್ಯ. ಲೆಕ್ಕ ಮೊದಲಿನಷ್ಟು ಚೆಂದವಾಗಿ ಬರಲಿಲ್ಲ. ಆದರೆ ಬಸ್ಸಿನಲ್ಲಿ ಕಂಡದ್ದಕ್ಕೂ ಬೀದಿಯಲ್ಲಿ ಕಂಡದ್ದಕ್ಕೂ ಹೊಂದಿತು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ಆ ಕೋಷ್ಟಕದ ಮೇಲೆ ಬೆರಳಿಟ್ಟರು. "ಬೇರೆ ಕಡೆಯೆಲ್ಲ ಹೆಚ್ಚು ದಿನ ನೋಡಿದ್ದೀರಿ. ಇಲ್ಲಿ ಐದೇ ದಿನ. ಕೊನೇ ದಿನ ಮೂರು ನಲವತ್ತೇಳಕ್ಕೆ ನಿಂತುಹೋಗಿದೆ. ಯಾಕೆ?" ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ಕೂತಿದ್ದರು. "ಅಲ್ಲಿ ಜನ ನನ್ನನ್ನ ಮಕ್ಕಳ ಕಳ್ಳಿ ಅಂದ್ಕೊಂಡ್ರು ಸರ್," ಎಂದೆ. ಅವರು ನನ್ನನ್ನೊಮ್ಮೆ ನೋಡಿ, ನೀರಿನ ಲೋಟವನ್ನು ನನ್ನ ಕಡೆ ಸರಿಸಿ, ಮುಂದಿನ ಪುಟಕ್ಕೆ ಹೋದರು. ಪದವಿ ಬಂತು.

ಭಯ ಹೋಯಿತೇ ಎಂದು ಕೇಳಿದರೆ ಇಲ್ಲ. ಅದು ಇನ್ನೊಂದು ಕಡೆಯಿಂದ ಬಂದದ್ದನ್ನೂ ಹೇಳಬೇಕು. ಈ ವರ್ಷ ಜೂನ್ ತಿಂಗಳಲ್ಲಿ ಮಗಳನ್ನು ಕರೆತರಲು ಅವಳ ಶಾಲೆಗೆ ಹೋಗಿದ್ದೆ. ಎಲ್ಲ ಮಕ್ಕಳೂ ಬಂದರು, ಅವಳು ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಗೇಟಿನ ಪಕ್ಕ ಒಬ್ಬ ಮನುಷ್ಯ ನಿಂತಿದ್ದ. ನಲವತ್ತು ದಾಟಿದ ವಯಸ್ಸು, ಹೆಗಲಿಗೊಂದು ದೊಡ್ಡ ಚೀಲ, ಕೈಯಲ್ಲಿ ಎರಡು ಫೋನು. ಒಂದನ್ನು ನೋಡುತ್ತಿದ್ದ, ಗೇಟು ನೋಡುತ್ತಿದ್ದ, ಮತ್ತೆ ಇನ್ನೊಂದನ್ನು ನೋಡುತ್ತಿದ್ದ. ನನಗೆ ನನ್ನ ಕಾಲುಗಳು ಅವನ ಕಡೆ ನಡೆಯುತ್ತಿರುವುದು ಮಾತ್ರ ತಿಳಿಯಿತು.

"ಯಾರನ್ ನೋಡ್ತಿದ್ದೀರ್ರೀ?" ಎಂದೆ. ದನಿ ನನ್ನದಲ್ಲದ ಹಾಗೆ ಎತ್ತರಕ್ಕೆ ಹೋಗಿತ್ತು. ಸುತ್ತಲಿದ್ದ ಅಮ್ಮಂದಿರು ಒಬ್ಬೊಬ್ಬರಾಗಿ ಇತ್ತ ತಿರುಗಿದರು.

ಅವನು ಬೆಚ್ಚಿದ. "ಪಾರ್ಸೆಲ್ ಮೇಡಂ. ಮ್ಯಾಪು ಇಲ್ಲೇ ಗೇಟ್ ಹತ್ರ ತೋರಿಸ್ತಿದೆ, ಮನೆ ಸಿಕ್ತಿಲ್ಲ. ಪಾರ್ಸೆಲ್ ಮೇಡಂ, ನೋಡಿ ಬೇಕಾದ್ರೆ." ಚೀಲದ ಬಾಯಿ ತೆರೆಯುವ ಅವನ ಬೆರಳುಗಳು ತಡವರಿಸುತ್ತಿದ್ದವು. ಅವನ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು.

"ಯಾರಂತೆ ಅದು?" ಎನ್ನುತ್ತ ಒಬ್ಬರು ಹತ್ತಿರ ಬಂದರು. ಅವರ ಹಿಂದೆ ಇನ್ನಿಬ್ಬರು, ಆಮೇಲೆ ಯಾರದೋ ಡ್ರೈವರು. ಗುಂಪು ಕೂಡುವ ಮೊದಲು ಗಾಳಿ ಹೇಗೆ ಬಿಗಿಯುತ್ತದೆ ಎಂದು ನನಗೆ ಗೊತ್ತು. ನನ್ನ ಮಗಳು ಇನ್ನೂ ಬಂದಿರಲಿಲ್ಲ. ಆದರೂ ನಾನು ತಿರುಗಿ, ಆದಷ್ಟು ಸಲೀಸಾಗಿ, "ಏನಿಲ್ಲ ಕಣ್ರೀ, ಇವರು ನಮಗೆ ಗೊತ್ತಿರೋರೇ. ಅಡ್ರೆಸ್ ಕೇಳ್ತಿದ್ರು," ಎಂದೆ. ಅವನ ಫೋನು ತೆಗೆದುಕೊಂಡು ವಿಳಾಸ ನೋಡಿದೆ. ಎರಡು ಬೀದಿ ಆಚೆಯದು. ಕೈ ಮಾಡಿ ತೋರಿಸಿದೆ. ಅವನು ಗಾಡಿ ಹತ್ತಿ, ಹಿಂದೆ ತಿರುಗಿ ನೋಡದೆ ಹೊರಟುಹೋದ.

ಮಗಳು ಆಮೇಲೆ ಬಂದಳು. ನೀರಿನ ಬಾಟಲಿ ಕ್ಲಾಸಿನಲ್ಲಿ ಮರೆತು ಮತ್ತೆ ಮಹಡಿ ಹತ್ತಿದ್ದಳಂತೆ. ಮೂಲೆಯ ಕಡೆಗೆ ಹೋಗುತ್ತಿದ್ದ ಗಾಡಿಯನ್ನು ನೋಡಿ ಕೇಳಿದಳು.

"ಅದ್ಯಾರಮ್ಮ, ನೀನು ಮಾತಾಡ್ತಿದ್ದಿದ್ದು?"

"ಗೊತ್ತಿಲ್ಲ ಕಣೇ."

"ಅಮ್ಮ, ನನ್ ಕೈ. ನೋಯ್ತಿದೆ."

ಅವಳ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ ನನಗೆ ತಿಳಿದಿರಲಿಲ್ಲ. ಸಡಿಲಿಸಬೇಕು ಎಂದುಕೊಂಡೆ. ಮುಂದಿನ ತಿರುವಿನವರೆಗೂ ಅದು ನನ್ನಿಂದ ಆಗಲಿಲ್ಲ.